ಸಬ್ಸಿಡಿ ಫೈಲ್ ಹಿಡ್ಕೊಂಡು ಹೊರಡುವ ಮೊದ್ಲು ಓದಿ: ಉಡುಪಿ, ಮಂಗಳೂರು ಕಡೆಯ ಹೋಮ್‌ಸ್ಟೇ, ಮೀನು, ತಿಂಡಿ ವ್ಯಾಪಾರದವರಿಗೆ

ವಾರಕ್ಕೆ ಒಂದಾದ್ರೂ ಫೋನ್ ಬರ್ತದೆ ನಂಗೆ. "ಮಾರಾಯ್ರೆ, ಸರ್ಕಾರದಿಂದ ಎಂತದೋ 35 ಪರ್ಸೆಂಟ್ ಸಬ್ಸಿಡಿ ಉಂಟಂತೆ, ಅರ್ಜಿ ಎಲ್ಲಿ ಹಾಕುದು?" ಎಂತ ಬಿಸಿನೆಸ್ ಮಾಡ್ತೀರಿ ಅಂತ ಕೇಳಿದ್ರೆ "ಅದು ಆಮೇಲೆ ನೋಡುವ, ಮೊದ್ಲು ಸಬ್ಸಿಡಿ ಸಿಗ್ತದಾ ಹೇಳಿ" ಅಂತಾರೆ. ಮದುಮಗ ಸಿಗುವ ಮೊದ್ಲೇ ಹಾಲ್ ಬುಕ್ ಮಾಡಿದ ಹಾಗೆ. ನಾನು ಏಜೆಂಟ್ ಅಲ್ಲ, ಆಫೀಸರೂ ಅಲ್ಲ, ಕಾಪು ಹತ್ರ ಸಣ್ಣದೊಂದು ಹಾರ್ಡ್‌ವೇರ್ ಅಂಗಡಿ ಇಟ್ಕೊಂಡವ. ಆದ್ರೆ ನಮ್ಮ ಮನೆಯದ್ದೇ ಎರಡು ಫೈಲ್ ಹಿಡ್ಕೊಂಡು ಓಡಾಡಿದ್ದೇನೆ, ಒಂದು ಅತ್ತಿಗೆಯ ಒಣ ಸಿಗಡಿ ಚಟ್ನಿಪುಡಿ, ಮೀನಿನ ಉಪ್ಪಿನಕಾಯಿ ಯೂನಿಟ್‌ದು, ಇನ್ನೊಂದು ಮಟ್ಟು ಕಡೆ ಇರುವ ಮಾವನ ಹೋಮ್‌ಸ್ಟೇದು. ಎರಡರಲ್ಲೂ ಪೆಟ್ಟು ತಿಂದಿದ್ದೇವೆ, ಹಾಗಾಗಿ ಕೇಳಿದವರಿಗೆಲ್ಲ ಫೋನಲ್ಲಿ ಒದರುವ ಬದಲು ಒಮ್ಮೆ ಬರ್ದು ಇಡುವ ಅಂತ.

ಮೊದ್ಲು ಒಂದು ವಿಷಯ ಮಂಡೆಗೆ ಹೋಗ್ಬೇಕು. ಸಬ್ಸಿಡಿ ಅಂದ್ರೆ ಸರ್ಕಾರ ನಿಮ್ಮ ಕೈಗೆ ಕೊಡುವ ದುಡ್ಡು ಅಲ್ಲ. ಹೆಚ್ಚಿನ ಯೋಜನೆಗಳಲ್ಲಿ ಅದು ಬ್ಯಾಂಕ್ ಸಾಲದ ಬೆನ್ನಿಗೆ ಬರುವಂಥದ್ದು. ಬ್ಯಾಂಕಿನವ್ರು ಸಾಲ ಕೊಡುದಿಲ್ಲ ಅಂದ್ರೆ ಸಬ್ಸಿಡಿಯೂ ಇಲ್ಲ, ಇಲಾಖೆಯಲ್ಲಿ ಯಾರ ಪರಿಚಯ ಇದ್ರೂ ಅಷ್ಟೆ. ಆದ್ರೂ ನಮ್ಮವ್ರು ಎಂತ ಮಾಡ್ತಾರೆ, ಮಣಿಪಾಲದ ರಜತಾದ್ರಿಗೆ, ಅಂದ್ರೆ ಡಿಸಿ ಆಫೀಸಿಗೆ, ಹತ್ತು ಸಲ ಹೋಗ್ತಾರೆ, ಬ್ಯಾಂಕ್ ಬ್ರ್ಯಾಂಚಿಗೆ ಒಂದೇ ಸಲ, ಅದೂ ಕೊನೆಗೆ. ಕೆನರಾ, ಕಾರ್ಪೊರೇಶನ್, ಸಿಂಡಿಕೇಟ್, ವಿಜಯ, ಕರ್ನಾಟಕ ಅಂತ ಐದೈದು ಬ್ಯಾಂಕ್ ಹುಟ್ಟಿದ ಜಾಗ ನಮ್ದು, ಅವುಗಳಲ್ಲಿ ಮೂರರ ಹೆಸರು ಈಗ ಬೋರ್ಡಲ್ಲೇ ಇಲ್ಲ, ಅದು ಬೇರೆ ಕಥೆ, ಆದ್ರೆ ಬ್ಯಾಂಕಿನವನ ಎದುರು ಕೂತು ಲೆಕ್ಕ ಹೇಳ್ಲಿಕ್ಕೆ ನಮ್ಗೆ ಇನ್ನೂ ನಾಚಿಕೆ.

ಲೆಕ್ಕ ಹೇಗೆ ಅಂತ ಪಿಎಂಇಜಿಪಿ, ಅಂದ್ರೆ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ಇಟ್ಕೊಂಡೇ ನೋಡುವ. ಇದು 2008ರಲ್ಲಿ ಶುರುವಾದ ಕೇಂದ್ರದ ಯೋಜನೆ, ಹೊಸದಾಗಿ ಶುರು ಮಾಡುವವರಿಗೆ ಮಾತ್ರ, ಈಗಾಗ್ಲೇ ನಡೀತಿರುವ ಯೂನಿಟಿಗೆ ಇದ್ರಲ್ಲಿ ಮೊದಲ ಸಾಲ ಆಗುದಿಲ್ಲ. ತಯಾರಿಕೆ ಆದ್ರೆ 50 ಲಕ್ಷದ ವರೆಗಿನ ಪ್ರಾಜೆಕ್ಟ್, ಸರ್ವಿಸ್ ಆದ್ರೆ 20 ಲಕ್ಷ. ಹಳ್ಳಿಯಲ್ಲಿ ಜನರಲ್‌ನವ್ರಿಗೆ 25 ಪರ್ಸೆಂಟ್, ಪೇಟೆಯಲ್ಲಿ 15. ಮಹಿಳೆಯರು, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು, ಮಾಜಿ ಸೈನಿಕರು, ಅಂಗವಿಕಲರು ಆದ್ರೆ ಹಳ್ಳಿಯಲ್ಲಿ 35, ಪೇಟೆಯಲ್ಲಿ 25. ಈಗ ಪಂಚಾಯತ್ ಏರಿಯಾದ ಒಬ್ಬ ಹೆಂಗಸು 8 ಲಕ್ಷದ ಪ್ರಾಜೆಕ್ಟ್ ಹಾಕಿದ್ರು ಅಂತ ಇಟ್ಕೊಳ್ಳಿ. ಅವರ ಕೈಯಿಂದ 5 ಪರ್ಸೆಂಟ್, ಅಂದ್ರೆ 40,000. ಉಳಿದ 7,60,000 ಬ್ಯಾಂಕ್ ಕೊಡ್ತದೆ. ಸಬ್ಸಿಡಿ 2,80,000 ಬರ್ತದೆ, ಆದ್ರೆ ಅವರ ಖಾತೆಗೆ ಅಲ್ಲ, ಬ್ಯಾಂಕಲ್ಲಿ ಅವರ ಹೆಸರಲ್ಲಿ ಡಿಪಾಸಿಟ್ ಆಗಿ ಮೂರು ವರ್ಷ ಲಾಕ್. ಆ ಡಿಪಾಸಿಟಿಗೆ ಬಡ್ಡಿ ಇಲ್ಲ, ಅಷ್ಟೇ ಮೊತ್ತದ ಸಾಲಕ್ಕೂ ಬಡ್ಡಿ ಹಾಕುದಿಲ್ಲ. ಮೂರು ವರ್ಷ ಆದ ಮೇಲೆ ಯೂನಿಟ್ ನಡೀತಾ ಉಂಟಾ ಅಂತ ಬಂದು ನೋಡಿ ಸಾಲಕ್ಕೆ ಜಮೆ ಮಾಡ್ತಾರೆ. ನಿಜವಾಗಿ ತೀರಿಸ್ಬೇಕಾದ ಸಾಲ 4,80,000. ಒಳ್ಳೆಯದೇ ಅಲ್ವಾ, ಆದ್ರೆ ಸಬ್ಸಿಡಿ ಬಂದ ಕೂಡ್ಲೇ ಸ್ಕೂಟರ್ ತಗೊಳ್ಳುವ ಅಂತ ಇದ್ದವರಿಗೆ ಇದು ಕೇಳಿ ಮುಖ ಬಾಡ್ತದೆ, ನಾನೇ ನೋಡಿದ್ದೇನೆ.

ಜಾಗದ ಬೆಲೆ ಪ್ರಾಜೆಕ್ಟ್ ಕಾಸ್ಟಲ್ಲಿ ಸೇರುದಿಲ್ಲ, ಗಂಡ ಹೆಂಡತಿ ಇಬ್ಬರಲ್ಲಿ ಒಬ್ಬರಿಗೆ ಮಾತ್ರ, ಬೇರೆ ಕಡೆ ಸರ್ಕಾರಿ ಸಬ್ಸಿಡಿ ತಗೊಂಡ ಯೂನಿಟ್ ಆದ್ರೆ ಇಲ್ಲಿ ಆಗುದಿಲ್ಲ, ಮತ್ತೆ ತಯಾರಿಕೆಯಲ್ಲಿ 10 ಲಕ್ಷ, ಸರ್ವಿಸಲ್ಲಿ 5 ಲಕ್ಷ ದಾಟಿದ್ರೆ ಎಂಟನೇ ಕ್ಲಾಸ್ ಪಾಸಾಗಿರ್ಬೇಕು. ಅರ್ಜಿ ಆನ್‌ಲೈನ್, ಖಾದಿ ಮಂಡಳಿ ಅಥ್ವಾ ಜಿಲ್ಲಾ ಕೈಗಾರಿಕಾ ಕೇಂದ್ರದ ಮೂಲಕ ಹೋಗ್ತದೆ. ಡಿಐಸಿ ಅಂತಾರಲ್ಲ, ಮಂಗಳೂರಿನವ್ರಿಗೆ ಯೆಯ್ಯಾಡಿ, ಉಡುಪಿಯವ್ರಿಗೆ ಮಣಿಪಾಲ.

ಯಾರಿಗೆ ಯಾವ್ದು

ತಿನ್ನುವ ವಸ್ತು ಮಾಡುವವರು ಪಿಎಂಇಜಿಪಿ ಬಿಟ್ಟು ಮೊದ್ಲು ಪಿಎಂಎಫ್‌ಎಂಇ ನೋಡಿ. ಸಣ್ಣ ಆಹಾರ ಸಂಸ್ಕರಣೆ ಮಾಡುವವರಿಗೆ ಅಂತ 2020ರಲ್ಲಿ ಬಂದದ್ದು. ಕೇಂದ್ರದ್ದು 35 ಪರ್ಸೆಂಟ್, ಗರಿಷ್ಠ 10 ಲಕ್ಷ, ಅದ್ರ ಮೇಲೆ ನಮ್ಮ ರಾಜ್ಯ ಸರ್ಕಾರ 15 ಪರ್ಸೆಂಟ್ ಸೇರಿಸ್ತದೆ, ಒಟ್ಟು 50 ಪರ್ಸೆಂಟ್, 15 ಲಕ್ಷದ ವರೆಗೆ. ಹಳೇ ಯೂನಿಟಿಗೂ ಆಗ್ತದೆ. ಒಂದು ಜಿಲ್ಲೆ ಒಂದು ಉತ್ಪನ್ನ ಅಂತ ಉಂಟಲ್ಲ, ಅದ್ರಲ್ಲಿ ನಮ್ಮ ಎರಡೂ ಜಿಲ್ಲೆಗೆ ಸಿಕ್ಕಿದ್ದು ಸಮುದ್ರದ ಉತ್ಪನ್ನ. ಹಾಗಂತ ಮೀನು ಮುಟ್ಟದವ್ರು ಬೇಜಾರು ಮಾಡ್ಬೇಕಾಗಿಲ್ಲ, ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಮಾವಿನ ಮಾಂಬಳ, ತೆಂಗಿನೆಣ್ಣೆ ಗಾಣ, ಎಲ್ಲದಕ್ಕೂ ಅರ್ಜಿ ಹಾಕ್ಲಿಕ್ಕೆ ಆಗ್ತದೆ. ಇಲ್ಲಿ ಸಬ್ಸಿಡಿ ಮೆಷಿನು ಮತ್ತೆ ಅದಕ್ಕೆ ಬೇಕಾದ ಕಟ್ಟಡದ ಕೆಲಸಕ್ಕೆ ಮಾತ್ರ, ಕಟ್ಟಡದ ಪಾಲು 30 ಪರ್ಸೆಂಟ್ ಮೀರುವ ಹಾಗಿಲ್ಲ, ಸಿಗಡಿ ಮೆಣಸು ತರುವ ದುಡ್ಡಿಗೆ ಸಬ್ಸಿಡಿ ಇಲ್ಲ. ಸ್ವಸಹಾಯ ಸಂಘದಲ್ಲಿ ತಿಂಡಿ ಮಾಡುವವ್ರು ಆದ್ರೆ ಒಬ್ಬ ಸದಸ್ಯೆಗೆ 40,000ದ ವರೆಗೆ ಬೀಜಧನ ಬೇರೆ ಉಂಟು, ಅದು ಸಂಜೀವಿನಿ ಒಕ್ಕೂಟದ ಮೂಲಕ ಕೇಳಿ.

ಈ ಯೋಜನೆಯಲ್ಲಿ ನಂಗೆ ತುಂಬಾ ಇಷ್ಟ ಆದದ್ದು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇಡುವವ್ರು, ಎಲ್ಲರೂ ಡಿಆರ್‌ಪಿ ಅಂತಾರೆ. ಪ್ರಾಜೆಕ್ಟ್ ರಿಪೋರ್ಟ್ ಮಾಡ್ಲಿಕ್ಕೆ, ಅಪ್‌ಲೋಡ್ ಮಾಡ್ಲಿಕ್ಕೆ, ಬ್ಯಾಂಕಿನ ಜೊತೆ ಮಾತಾಡ್ಲಿಕ್ಕೆ ಇರುವವ್ರೇ ಅವ್ರು, ಅವ್ರಿಗೆ ದುಡ್ಡು ಯೋಜನೆಯಿಂದಲೇ ಹೋಗ್ತದೆ, ನೀವು ಕೊಡ್ಬೇಕಾಗಿಲ್ಲ. ಇದು ಗೊತ್ತಿಲ್ದೆ ನಮ್ಮ ಅತ್ತಿಗೆ ಮೊದ್ಲು ಒಬ್ಬ ಏಜೆಂಟಿಗೆ ಪ್ರಾಜೆಕ್ಟ್ ರಿಪೋರ್ಟಿಗೆ ಅಂತ ದುಡ್ಡು ಕೊಟ್ಟಿದ್ರು, ಆ ಮನುಷ್ಯ ಯಾವುದೋ ಬಯಲುಸೀಮೆಯ ರೊಟ್ಟಿ ಯೂನಿಟಿನ ರಿಪೋರ್ಟಲ್ಲಿ ಹೆಸರು ಚೇಂಜ್ ಮಾಡಿ ಕೊಟ್ಟದ್ದು, ಕಚ್ಚಾ ವಸ್ತು ಅಂತ ಇದ್ದ ಕಾಲಂನಲ್ಲಿ ಜೋಳ ಹಾಗೇ ಇತ್ತು. ಜೋಳದಿಂದ ಸಿಗಡಿ ಚಟ್ನಿ!

ಹೋಮ್‌ಸ್ಟೇದವ್ರು ಮುದ್ರಾ ನೋಡಿ. 2025ರ ಕೇಂದ್ರ ಬಜೆಟಲ್ಲಿ ಹೋಮ್‌ಸ್ಟೇಗೆ ಮುದ್ರಾ ಸಾಲ ಅಂತ ಹೆಸರು ಹೇಳಿಯೇ ಘೋಷಣೆ ಮಾಡಿದ್ದಾರೆ, ಬ್ರ್ಯಾಂಚಲ್ಲಿ ಗೊತ್ತಿಲ್ಲ ಅಂದ್ರೆ ಅದನ್ನೇ ಹೇಳಿ. ಶಿಶು 50,000ದ ವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ, ತರುಣ ತೀರಿಸಿದವ್ರಿಗೆ 20 ಲಕ್ಷದ ವರೆಗೆ. ಇದ್ರಲ್ಲಿ ಸಬ್ಸಿಡಿ ಇಲ್ಲ, ಅಡವು ಕೇಳುವ ಹಾಗೆ ಇಲ್ಲ, ಅಷ್ಟೆ. ಆದ್ರೆ ಎರಡು ರೂಮು ರಿಪೇರಿ ಮಾಡಿ ಬಾತ್‌ರೂಮ್ ಸರಿ ಮಾಡ್ಲಿಕ್ಕೆ ಇದೇ ಸಾಕು ಅಂತ ನನ್ನ ಅಭಿಪ್ರಾಯ, ಸಬ್ಸಿಡಿ ಆಸೆಗೆ ಅಗತ್ಯಕ್ಕಿಂತ ದೊಡ್ಡ ಪ್ರಾಜೆಕ್ಟ್ ಮಾಡಿ ಮಳೆಗಾಲದಲ್ಲಿ ಕಂತಿಗೆ ಒದ್ದಾಡುದಕ್ಕಿಂತ ಇದು ಎಷ್ಟೋ ಪಾಲು ಮೇಲು.

ಆದಾಯ ಕಡಿಮೆ ಇರುವ ಹೆಂಗಸರಿಗೆ ರಾಜ್ಯದ ಉದ್ಯೋಗಿನಿ ಉಂಟು, ಮಹಿಳಾ ಅಭಿವೃದ್ಧಿ ನಿಗಮದ್ದು, 3 ಲಕ್ಷದ ವರೆಗೆ ಸಾಲ, ಸಾಮಾನ್ಯ ವರ್ಗಕ್ಕೆ 30 ಪರ್ಸೆಂಟ್, ಎಸ್‌ಸಿ ಎಸ್‌ಟಿಗೆ 50 ಪರ್ಸೆಂಟ್ ಸಹಾಯಧನ. ಬೋಟ್ ಕಟ್ಟುವವ್ರು, ಬಲೆ ಮಾಡುವವ್ರು, ಹೂ ಕಟ್ಟುವವ್ರು, ಚಾಪೆ ಬುಟ್ಟಿ ಹೆಣೆಯುವವ್ರು ಪಿಎಂ ವಿಶ್ವಕರ್ಮದ 18 ಕಸುಬಲ್ಲಿ ಬರ್ತಾರೆ, ಟೂಲ್ ತಗೊಳ್ಳಿಕ್ಕೆ 15,000, ಮೊದ್ಲು 1 ಲಕ್ಷ, ಅದು ತೀರಿಸಿದ್ರೆ 2 ಲಕ್ಷ, 5 ಪರ್ಸೆಂಟ್ ಬಡ್ಡಿಗೆ. ಶಂಕರಪುರದಲ್ಲಿ ಮಲ್ಲಿಗೆ ಕಟ್ಟುವ ಎಷ್ಟು ಜನಕ್ಕೆ ಇದು ಗೊತ್ತುಂಟು ಅಂತ ನಂಗೆ ಡೌಟು.

ಒಂದು ಎಚ್ಚರಿಕೆ, ಪಿಎಂಇಜಿಪಿ, ಪಿಎಂಎಫ್‌ಎಂಇ ಎರಡೂ 2025-26ರ ವರೆಗೆ ಅಂತ ಅವಧಿ ಹಾಕಿ ನಡೆಸಿದ ಯೋಜನೆಗಳು, ಹಾಗಾಗಿ ಯಾರೋ ಹೇಳಿದ್ರು ಅಂತ ಮೆಷಿನಿಗೆ ಅಡ್ವಾನ್ಸ್ ಕೊಡ್ಬೇಡಿ, ಪೋರ್ಟಲ್ ಈಗ ಅರ್ಜಿ ತಗೊಳ್ತದಾ ಅಂತ ಮೊದ್ಲು ನೋಡಿ. ಮತ್ತೆ ಜಿಲ್ಲೆಗೆ ಇಷ್ಟು ಅಂತ ವರ್ಷದ ಟಾರ್ಗೆಟ್ ಇರ್ತದೆ. ಏಪ್ರಿಲ್, ಮೇಯಲ್ಲಿ ಹೋದವನನ್ನು ಕೂತ್ಕೊಳ್ಳಿ ಅಂತಾರೆ, ಫೆಬ್ರವರಿಯಲ್ಲಿ ಹೋದವನನ್ನು ಮುಂದಿನ ವರ್ಷ ಬನ್ನಿ ಅಂತಾರೆ.

ಕಾಗದಪತ್ರ, ಇದೇ ಕ್ರಮದಲ್ಲಿ

ಮೊದ್ಲು ಸಿಬಿಲ್, ಅಂದ್ರೆ ನಿಮ್ಮ ಹಳೇ ಸಾಲ, ಕಂತಿನ ದಾಖಲೆ, ತೆಗೆದು ನೋಡಿ. ಯಾವಾಗ್ಲೋ ಕಂತಲ್ಲಿ ತಗೊಂಡ ಫ್ರಿಜ್ಜಿನ ಕೊನೆಯ ಕಂತು ಬಾಕಿ ಇದ್ರೂ ಅಲ್ಲಿ ಕಾಣ್ತದೆ, ಯಾರಿಗೋ ಜಾಮೀನು ಹಾಕಿದ್ದು ಸಹ ಕಾಣ್ತದೆ. ಮ್ಯಾನೇಜರ್ ಅದನ್ನು ನಿಮ್ಗಿಂತ ಮೊದ್ಲು ನೋಡ್ಬಾರ್ದು.

ಮತ್ತೆ ಉದ್ಯಮ್ ರಿಜಿಸ್ಟ್ರೇಷನ್, ಸಣ್ಣ ಉದ್ಯಮಗಳಿಗೆ ಇರುವ ಸರ್ಕಾರಿ ನೋಂದಣಿ. ಆಧಾರ್, ಪ್ಯಾನ್ ಇದ್ರೆ ಸಾಕು, ಮನೆಯಲ್ಲೇ ಕೂತು ಮಾಡ್ಬಹುದು, ಪೂರ್ತಿ ಫ್ರೀ. ಫ್ರೀ ಅಂತ ಎರಡು ಸಲ ಯಾಕೆ ಹೇಳ್ತಿದ್ದೇನೆ ಅಂದ್ರೆ ನಾನೇ ನನ್ನ ಅಂಗಡಿಗೆ ಮಾಡಿಸುವಾಗ ಅದೇ ತರ ಅಶೋಕ ಚಕ್ರ ಗಿಕ್ರ ಹಾಕಿದ ಒಂದು ಸೈಟಲ್ಲಿ 1,500 ಕಳ್ಕೊಂಡಿದ್ದೇನೆ. ವಿಳಾಸದ ಕೊನೆಗೆ ಜಿಒವಿ ಡಾಟ್ ಇನ್ ಇಲ್ಲದಿದ್ರೆ ಅಲ್ಲಿಂದಲೇ ವಾಪಸ್ ಬನ್ನಿ.

ತಿಂಡಿಯವ್ರಿಗೆ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಸಣ್ಣವ್ರಿಗೆ ಲೈಸೆನ್ಸ್ ಬೇಡ, ರಿಜಿಸ್ಟ್ರೇಷನ್ ಸಾಕು, ವರ್ಷಕ್ಕೆ 100 ರೂಪಾಯಿ. ಅದಕ್ಕೆ ಏಜೆಂಟಿನವ್ರು ಸಾವಿರಗಟ್ಟಲೆ ತಗೊಳ್ಳುದು ಹಗಲು ದರೋಡೆಯೇ. ಪಂಚಾಯತಿಂದ ವ್ಯಾಪಾರ ಪರವಾನಿಗೆ, ಕಟ್ಟಡದ 9/11 (ಪಂಚಾಯತ್ ಕೊಡುವ ಆಸ್ತಿ ದಾಖಲೆ), ಜಾಗ ಅಪ್ಪನ ಹೆಸರಲ್ಲೋ ಅಜ್ಜಿಯ ಹೆಸರಲ್ಲೋ ಇದ್ರೆ ಬಾಡಿಗೆ ಕರಾರು ಅಥ್ವಾ ಒಪ್ಪಿಗೆ ಪತ್ರ. ನಮ್ಮಲ್ಲಿ ಎಲ್ಲದಕ್ಕಿಂತ ದೊಡ್ಡ ತೊಡಕು ಇದೇ, ಕುಟುಂಬದ ಆಸ್ತಿ, ಹನ್ನೊಂದು ಜನರ ಹೆಸರು, ಅದ್ರಲ್ಲಿ ಮೂರು ಜನ ಮುಂಬೈಲಿ, ಒಬ್ಬ ದುಬೈಲಿ, ಇಬ್ಬರು ಮಾತಾಡುದಿಲ್ಲ. ಇದು ಸರಿ ಆಗ್ಲಿಕ್ಕೆ ಹೊತ್ತು ಬೇಕು, ಹಾಗಾಗಿ ಇಲ್ಲಿಂದಲೇ ಶುರು ಮಾಡಿ. ಮಷಿನಿನ ಕೊಟೇಷನ್ ಜಿಎಸ್‌ಟಿ ನಂಬರ್ ಇರುವ ಅಂಗಡಿಯಿಂದಲೇ ತನ್ನಿ, ಬ್ಯಾಂಕ್ ದುಡ್ಡನ್ನು ಅವರ ಖಾತೆಗೇ ಹಾಕುದು.

ಟ್ರೈನಿಂಗ್ ಸರ್ಟಿಫಿಕೇಟ್ ಬೇಕಾಗ್ತದೆ ಅಂತ ಗೊಣಗುವವ್ರು ತುಂಬಾ ಜನ. ಆದ್ರೆ ಉಜಿರೆಯಲ್ಲಿ 1982ರಿಂದ ರುಡ್‌ಸೆಟ್ ಅಂತ ಸ್ವಉದ್ಯೋಗ ತರಬೇತಿ ಸಂಸ್ಥೆ ಉಂಟು, ಧರ್ಮಸ್ಥಳದ ಹೆಗ್ಗಡೆಯವ್ರು ಸಿಂಡಿಕೇಟ್, ಕೆನರಾ ಬ್ಯಾಂಕ್ ಸೇರಿಸಿ ಮಾಡಿದ್ದು, ಈಗ ದೇಶದಲ್ಲಿ ಜಿಲ್ಲೆ ಜಿಲ್ಲೆಗೆ ಇರುವ ಆರ್‌ಸೆಟಿಗೆಲ್ಲ ಇದೇ ಮಾದರಿ. ಬ್ರಹ್ಮಾವರದಲ್ಲೂ ಉಂಟು. ಊಟ ವಸತಿ ಸಮೇತ ಫ್ರೀ. ಅತ್ತಿಗೆ ಸರ್ಟಿಫಿಕೇಟಿಗೋಸ್ಕರ ಹೋದವ್ರು ಲೆಕ್ಕ ಬರೆಯುದು ಕಲ್ತು ಬಂದ್ರು, ಈಗ ನನ್ನ ಅಂಗಡಿಯ ಪುಸ್ತಕ ನೋಡಿ ನಗಾಡ್ತಾರೆ.

ಬ್ಯಾಂಕಲ್ಲಿ

ಅತ್ತಿಗೆಯ ಮೊದಲ ಫೈಲ್ ವಾಪಸ್ ಬಂದದ್ದು ಕಾಗದ ಕಡಿಮೆ ಆಗಿ ಅಲ್ಲ. ನಾನೂ ಜೊತೆಗೆ ಕೂತಿದ್ದೆ. ಮ್ಯಾನೇಜರ್ ಪ್ರಾಜೆಕ್ಟ್ ರಿಪೋರ್ಟ್ ತಿರುಗಿಸ್ತಾ ತಿರುಗಿಸ್ತಾ ಒಂದು ಪೇಜಲ್ಲಿ ನಿಂತ್ರು, ಜನವರಿಯಿಂದ ಡಿಸೆಂಬರ್ ವರೆಗೆ ತಿಂಗಳ ಸೇಲ್ಸ್ ಒಂದೇ ನಂಬರ್, ಹನ್ನೆರಡು ಸಲ.

"ಮೇಡಂ, ನೀವು ಈ ಊರಿನವ್ರೇ ಅಲ್ವಾ?"

"ಹೌದು ಸಾರ್, ತವರು ಮನೆ ಪಡುಬಿದ್ರಿ."

"ಜೂನಲ್ಲಿ ಸಿಗಡಿ ಎಲ್ಲಿಂದ ತರ್ತೀರಿ?"

ಅತ್ತಿಗೆ ನನ್ನ ಮುಖ ನೋಡಿದ್ರು, ನಾನು ಫ್ಯಾನ್ ನೋಡಿದೆ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಾಂತ್ರೀಕೃತ ಬೋಟಿಗೆ ಸಮುದ್ರಕ್ಕೆ ಇಳಿಯುವ ಹಾಗಿಲ್ಲ ಅಂತ ಮಲ್ಪೆಯ ಸಣ್ಣ ಮಕ್ಕಳಿಗೂ ಗೊತ್ತುಂಟು, ಆದ್ರೆ ನಮ್ಮ ರಿಪೋರ್ಟಿಗೆ ಗೊತ್ತಿರ್ಲಿಲ್ಲ.

ಆಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕುವಾಗ ಗೊತ್ತಾಯ್ತು, ವಿಷಯ ಉಲ್ಟಾ ಉಂಟು. ಮಳೆಗಾಲದಲ್ಲಿ ಹಸಿ ಮೀನು ಇಲ್ಲ, ಇದ್ರೂ ಬಂಗುಡೆ ಮುಟ್ಟಿದ್ರೆ ಕೈ ಸುಡ್ತದೆ, ಆಗ್ಲೇ ಮನೆಮನೆಯಲ್ಲಿ ಒಣ ಮೀನು, ಚಟ್ನಿ, ಉಪ್ಪಿನಕಾಯಿ ಬೇಕಾಗುದು. ಅಂದ್ರೆ ಅತ್ತಿಗೆಗೆ ಮಾರಾಟದ ಸೀಸನ್ ಜೂನ್‌ನಿಂದ ಆಗಸ್ಟ್, ಖರೀದಿಯ ಸೀಸನ್ ಮಾರ್ಚಿಂದ ಮೇ, ಬಿಸಿಲು ಇರುವಾಗ್ಲೇ ಒಣಗಿಸಿ ಗಾಳಿ ಹೋಗದ ಡ್ರಮ್ಮಲ್ಲಿ ತುಂಬಿಸಿ ಇಡ್ಬೇಕು. ಹಾಗಾದ್ರೆ ದುಡ್ಡು ಹೊರಗೆ ಹೋಗುದು ಬೇಸಗೆಯಲ್ಲಿ, ಒಳಗೆ ಬರುದು ಮಳೆಯಲ್ಲಿ. ಎರಡನೇ ರಿಪೋರ್ಟಲ್ಲಿ ಇದನ್ನೇ ತಿಂಗಳು ತಿಂಗಳು ಬರೆದ್ವಿ, ಮಷಿನಿನ ಟರ್ಮ್ ಲೋನ್ ಲೆಕ್ಕ ಬೇರೆ, ಬೇಸಗೆಯ ಖರೀದಿಗೆ ವರ್ಕಿಂಗ್ ಕ್ಯಾಪಿಟಲ್ ಬೇರೆ. 6 ಲಕ್ಷದ ಮಷಿನಿಗೆ ಅವರ ಕೈಯದ್ದು 60,000, ಬ್ಯಾಂಕಿನದ್ದು 5,40,000, ಪಿಎಂಎಫ್‌ಎಂಇಯ ಸಬ್ಸಿಡಿ ಕೇಂದ್ರ, ರಾಜ್ಯ ಎರಡೂ ಸೇರಿ 3 ಲಕ್ಷ. ಅದೇ ಮ್ಯಾನೇಜರ್, ಅದೇ ಟೇಬಲ್, ಈ ಸಲ ಚಾ ತರಿಸಿದ್ರು.

ಹೋಮ್‌ಸ್ಟೇಯವ್ರದ್ದು ಇದಕ್ಕೆ ಸರೀ ವಿರುದ್ಧ. ಸೈಂಟ್ ಮೇರೀಸ್‌ಗೆ ಬೋಟ್ ನಿಂತಿತು ಅಂದ್ರೆ ಮಲ್ಪೆ ಕಡೆ ರೂಮು ಖಾಲಿ, ಬೀಚಲ್ಲಿ ಕೆಂಪು ಬಾವುಟ. ದಸರಾದಿಂದ ಸಂಕ್ರಾಂತಿ ವರೆಗೆ, ಮತ್ತೆ ಏಪ್ರಿಲ್ ಮೇ ಶಾಲೆ ರಜೆಯಲ್ಲಿ ಜನ, ಎರಡು ವರ್ಷಕ್ಕೊಮ್ಮೆ ಜನವರಿಯಲ್ಲಿ ಪರ್ಯಾಯ ಬಂದ್ರೆ ಉಡುಪಿಯಲ್ಲಿ ಜಗಲಿಯಲ್ಲೂ ಜಾಗ ಇರುದಿಲ್ಲ. ಹಾಗಾಗಿ ಸಾಲ ಮೇ ಕೊನೆಗೆ ತಗೊಂಡು ಜೂನಿಂದ ಕಂತು ಶುರು ಆಗುವ ಹಾಗೆ ಮಾಡ್ಬೇಡಿ. ಮಳೆಗಾಲದಲ್ಲಿ ರಿಪೇರಿ, ಅಕ್ಟೋಬರಲ್ಲಿ ಓಪನ್, ಕಂತು ಅದ್ರ ನಂತ್ರ, ಅಲ್ಲಿ ವರೆಗೆ ಮೊರಟೋರಿಯಂ ಕೊಡಿ ಅಂತ ಬಾಯಿ ಬಿಟ್ಟು ಕೇಳಿ, ಅದೂ ಸಾಲ ಸ್ಯಾಂಕ್ಷನ್ ಆಗುವ ಮೊದ್ಲು. ಸಹಿ ಹಾಕಿ ಆದ ಮೇಲೆ ಕೇಳಿದ್ರೆ ಯಾರೂ ಕೇಳುದಿಲ್ಲ.

ಫೈಲ್ ರಿಜೆಕ್ಟ್ ಆದ್ರೆ ಕಾರಣ ಬರೆದು ಕೊಡಿ ಅಂತ ಹೇಳಿ, ಗಲಾಟೆ ಬೇಡ, ಒಂದು ಇಮೇಲ್ ಹಾಕಿದ್ರೆ ಸಾಕು. ಬಾಯಲ್ಲಿ "ನಮ್ಮಲ್ಲಿ ಈ ಸ್ಕೀಮ್ ಇಲ್ಲ" ಅಂದವ್ರು ಬರೆದು ಕೊಡ್ಲಿಕ್ಕೆ ಹಿಂದೆ ಮುಂದೆ ನೋಡ್ತಾರೆ. ಅದಕ್ಕೂ ಬಗ್ಗದಿದ್ರೆ ಪ್ರತಿ ಜಿಲ್ಲೆಗೆ ಒಬ್ಬ ಲೀಡ್ ಬ್ಯಾಂಕ್ ಮ್ಯಾನೇಜರ್ ಇರ್ತಾರೆ, ಅವ್ರ ಆಫೀಸಿಗೆ ಹೋಗಿ.

ಹೋಮ್‌ಸ್ಟೇ, ಮತ್ತೆ ಆ ಸಿಆರ್‌ಝೆಡ್

ಮಾವನದ್ದು ಮಟ್ಟುವಿನಲ್ಲಿ ಹಳೇ ಹಂಚಿನ ಮನೆ, ಒಂದು ಬದಿ ಗುಳ್ಳ ಬದನೆಯ ಗದ್ದೆ, ಇನ್ನೊಂದು ಬದಿ ಹೊಳೆ. ಅವ್ರ ಐಡಿಯಾ ಎಂತ ಅಂದ್ರೆ ಹೊಳೆ ಬದಿಗೆ ಗ್ಲಾಸ್ ಹಾಕಿದ ಎರಡು ಕಾಂಕ್ರೀಟ್ ಕಾಟೇಜ್. ನಾನು ಬೇಡ ಅಂದೆ, ಕೇಳ್ಲಿಲ್ಲ, ಪಾಯ ತೋಡಿಸಿದ್ರು, ಪಂಚಾಯತಿಂದ ನೋಟಿಸ್ ಬಂತು.

ಸಿಆರ್‌ಝೆಡ್, ಅಂದ್ರೆ ಕರಾವಳಿ ನಿಯಂತ್ರಣ ವಲಯದ ನಿಯಮ, ಸಮುದ್ರಕ್ಕೆ ಮಾತ್ರ ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ, ಅಲ್ಲ, ಉಬ್ಬರ ಇಳಿತ ಇರುವ, ಉಪ್ಪುನೀರು ಏರಿ ಬರುವ ಹೊಳೆಗೂ ಉಂಟು. 2019ರ ಅಧಿಸೂಚನೆ ಪ್ರಕಾರ ಹಳ್ಳಿ ಕಡೆ ಸಮುದ್ರದ ಉಬ್ಬರದ ಗೆರೆಯಿಂದ, ಜನ ದಟ್ಟ ಇರುವಲ್ಲಿ 50 ಮೀಟರ್, ಕಡಿಮೆ ಇರುವಲ್ಲಿ 200 ಮೀಟರ್ ಹೊಸ ಕಟ್ಟಡ ಆಗುದಿಲ್ಲ. ದಟ್ಟ ಅಂದ್ರೆ 2011ರ ಜನಗಣತಿಯಲ್ಲಿ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ. ಹೊಳೆಗೆ 50 ಮೀಟರ್ ಅಥ್ವಾ ಹೊಳೆಯ ಅಗಲ, ಯಾವ್ದು ಕಡಿಮೆಯೋ ಅದು. ನಿಮ್ಮ ಸರ್ವೆ ನಂಬರ್ ಎಲ್ಲಿ ಬರ್ತದೆ ಅಂತ ಪರಿಸರ ಇಲಾಖೆಯ ಪ್ರಾದೇಶಿಕ ಕಚೇರಿಯಲ್ಲಿ ನಕ್ಷೆ ನೋಡಿ ಹೇಳ್ತಾರೆ, ಇಂಜಿನಿಯರ್ ಹೇಳಿದ್ದು ನಂಬಿ ಕೂರ್ಬೇಡಿ, ಅವ್ರಿಗೆ ಕಾಂಕ್ರೀಟ್ ಆಗ್ಬೇಕು.

ಆದ್ರೆ ಇದೇ ಅಧಿಸೂಚನೆಯಲ್ಲಿ ನಮ್ಗೆ ಉಪಕಾರದ್ದೂ ಒಂದು ಸಾಲು ಉಂಟು, ಅದನ್ನು ಯಾರೂ ಹೇಳುದಿಲ್ಲ. ಮೀನುಗಾರರು, ಸ್ಥಳೀಯರು ಈಗ ಇರುವ ಮನೆಯ ಪಾಯ, ವಿನ್ಯಾಸ, ಎದುರಿನ ರೂಪ ಬದಲಿಸದೆ ಹೋಮ್‌ಸ್ಟೇ ನಡೆಸ್ಬಹುದು ಅಂತ. ಮಾವ ಕೊನೆಗೆ ಅದನ್ನೇ ಮಾಡಿದ್ರು. ಪಾಯ ಮುಚ್ಚಿದ್ರು, ಹಳೇ ಮನೆಯ ಎರಡು ಕೋಣೆಯ ನೆಲ ಸರಿ ಮಾಡಿ, ಹೆಂಚಿನ ಕೆಳಗೆ ಮರದ ಮುಚ್ಚಿಗೆ ಹೊಡೆಸಿ, ಬಾತ್‌ರೂಮಿಗೆ ಮಾತ್ರ ಚಂದ ಖರ್ಚು ಮಾಡಿದ್ರು. ಬೆಂಗಳೂರಿಂದ ಬಂದವ್ರು ಫೋಟೋ ತೆಗೆಯುದು ಆ ಮುಚ್ಚಿಗೆಯದ್ದು, ಅತ್ತೆ ಮಾಡುವ ಗುಳ್ಳದ ಹುಳಿಯದ್ದು. ಗ್ಲಾಸ್ ಕಾಟೇಜ್ ಇದ್ದಿದ್ರೆ ಸಹ ಅದನ್ನೇ ತೆಗೀತಿದ್ರು ಅಂತ ನಾನು, ಇಲ್ಲ ಅಂತ ಮಾವ, ಇನ್ನೂ ಜಗಳ ಮುಗಿಲಿಲ್ಲ.

ರಿಜಿಸ್ಟ್ರೇಷನ್ ಪ್ರವಾಸೋದ್ಯಮ ಇಲಾಖೆಯಲ್ಲಿ. ಮನೆಯವ್ರು ಅಲ್ಲೇ ವಾಸ ಇರ್ಬೇಕು, ಖಾಲಿ ಮನೆಗೆ ಬೀಗ ಹಾಕಿ ಕೀ ಕೊಡುದು ಹೋಮ್‌ಸ್ಟೇ ಅಲ್ಲ. ಪಂಚಾಯತ್ ಎನ್‌ಒಸಿ, ಪೊಲೀಸ್ ಎನ್‌ಒಸಿ ಬೇಕು, ಅವ್ರು ಬಂದು ಮನೆ ನೋಡಿ ಹೋಗ್ತಾರೆ. ಬಂದ ಗೆಸ್ಟಿನ ಐಡಿ ಪುಸ್ತಕದಲ್ಲಿ ಬರೆದಿಡಿ, ಫಾರಿನರ್ಸ್ ಬಂದ್ರೆ ಸಿ ಫಾರ್ಮ್ ಅಂತ ಎಲ್ರೂ ಕರೆಯುವ ಮಾಹಿತಿಯನ್ನು 24 ಗಂಟೆ ಒಳಗೆ ಆನ್‌ಲೈನಲ್ಲಿ ಕೊಡ್ಲೇಬೇಕು, ಮೂಲ್ಕಿ, ಸಸಿಹಿತ್ಲು ಕಡೆ ಸರ್ಫಿಂಗಿಗೆ ಬರುವವ್ರನ್ನು ಇಟ್ಕೊಳ್ಳುವವ್ರು ಇದನ್ನು ಮರಿಬಾರ್ದು. ವರ್ಷಕ್ಕೆ 20 ಲಕ್ಷ ದಾಟದಿದ್ರೆ ಜಿಎಸ್‌ಟಿ ತಲೆಬಿಸಿ ಇಲ್ಲ, ಎರಡು ರೂಮಲ್ಲಿ ದಾಟಿದ್ರೆ ನಂಗೂ ಹೇಳಿ, ನಾನೂ ಅಂಗಡಿ ಮುಚ್ಚಿ ಬರ್ತೇನೆ.

ಮಾರುದು

ಸರ್ಕಾರದ ಸಹಾಯ ಅಂದ್ರೆ ದುಡ್ಡೇ ಆಗ್ಬೇಕಂತ ಇಲ್ಲ. 2020ರಲ್ಲಿ ಪಡುಬಿದ್ರಿಯ ಎಂಡ್ ಪಾಯಿಂಟ್ ಬೀಚಿಗೆ ಬ್ಲೂ ಫ್ಲಾಗ್ ಅಂತ ಸ್ವಚ್ಛ ಬೀಚಿನ ಮಾನ್ಯತೆ ಬಂತಲ್ಲ, ಅದ್ರಿಂದ ನಮ್ಮ ಖಾತೆಗೆ ಒಂದು ಪೈಸೆ ಬರ್ಲಿಲ್ಲ, ಆದ್ರೆ ಮೊದ್ಲು ಆ ದಾರಿಯಲ್ಲಿ ಬೆಂಗಳೂರು ಗಾಡಿ ಯಾರು ನೋಡಿದ್ರು? ಅಲ್ಲಿಗೆ ಬರುವವ್ರಿಗೆ ಎಂತ ಬೇಕು ಅಂತ ನೋಡಿ ಮಾರಿದ್ರೆ ಅದೇ ಸಬ್ಸಿಡಿ. ರೈಲ್ವೆ ಸ್ಟೇಷನ್‌ಗಳಲ್ಲಿ ಒಂದು ನಿಲ್ದಾಣ ಒಂದು ಉತ್ಪನ್ನ ಅಂತ ಸಣ್ಣ ಸ್ಟಾಲ್ ಕೊಡ್ತಾರೆ, ಊರಿನದ್ದೇ ವಸ್ತು ಆಗಿರ್ಬೇಕು, ಸ್ಟೇಷನ್ ಮಾಸ್ತರರ ಹತ್ರ ಕೇಳಿ. ಸಂಘದವ್ರಿಗೆ ಸರಸ್ ಮೇಳ ಉಂಟು. ಮೇಳದಲ್ಲಿ ಅತ್ತಿಗೆ ಕಲ್ತದ್ದು ಒಂದು, ಕಾಲು ಕಿಲೋ ಪ್ಯಾಕೆಟ್ ಯಾರೂ ಮುಟ್ಟುದಿಲ್ಲ, 100 ಗ್ರಾಂ ಆದ್ರೆ ಎರಡೆರಡು ತಗೊಂಡು ಹೋಗ್ತಾರೆ, ವ್ಯಾಕ್ಯೂಮ್ ಪ್ಯಾಕ್ ಆಗಿರ್ಬೇಕು, ಇಲ್ಲದಿದ್ರೆ ಬಸ್ಸಲ್ಲಿ ಪಕ್ಕದವ ಎದ್ದು ಹೋಗ್ತಾನೆ.

ಮಟ್ಟು ಗುಳ್ಳಕ್ಕೂ ಉಡುಪಿ ಮಲ್ಲಿಗೆಗೂ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಅನ್ನುವ ಸರ್ಕಾರಿ ಗುರುತು, ಉಂಟು. ಬೆಳೆಯುವವ್ರು ಅಧಿಕೃತ ಬಳಕೆದಾರ ಅಂತ ಹೆಸರು ನೋಂದಾಯಿಸಿ ಪ್ಯಾಕೆಟಲ್ಲಿ ಆ ಲೋಗೋ ಹಾಕ್ಬಹುದು. ಬೇರೆ ಊರಿನ ಬದನೆಗೆ ಮಟ್ಟು ಅಂತ ಹೆಸರಿಟ್ಟು ಹೋಮ್‌ಸ್ಟೇ ಊಟದ ಬೋರ್ಡಲ್ಲಿ ಹಾಕುವವ್ರೂ ಇದ್ದಾರೆ, ಬೇಡ ಮಾರಾಯ್ರೆ, ತಿಂದವ್ರಿಗೆ ಗೊತ್ತಾಗ್ತದೆ.

ಇನ್ನು ಸಾಲ ಸಿಕ್ಕಿ, ಮಷಿನ್ ಬಂದು, ಸಬ್ಸಿಡಿ ಲಾಕ್ ಆಗಿ ಕೂತ ಮೇಲೆ ಒಂದು ಕೆಲ್ಸ ಬಾಕಿ ಉಂಟು. ಮೂರು ವರ್ಷ ಬಿಟ್ಟು ತನಿಖೆಗೆ ಬರ್ತಾರೆ ಅಂದೆನಲ್ಲ, ನಡುವೆಯೂ ಬರ್ಬಹುದು. ಅತ್ತಿಗೆಯ ಯೂನಿಟಿಗೆ ಬಂದ ಸಾಹೇಬ್ರು ಎಲ್ಲ ನೋಡಿ ಖುಷಿಯಾಗಿ ಪ್ಯಾಕಿಂಗ್ ಮಷಿನಿನ ಬಿಲ್ ಕೊಡಿ ಅಂದ್ರು. ಅತ್ತಿಗೆ ಫೈಲ್ ಬಿಚ್ಚಿದ್ರೆ ಬಿಲ್ಲಿನ ಜಾಗದಲ್ಲಿ ಬಿಳಿ ಕಾಗದ, ಥರ್ಮಲ್ ಪೇಪರ್, ನಮ್ಮ ಎರಡು ಮಳೆಗಾಲಕ್ಕೆ ಅಕ್ಷರ ಪೂರ್ತಿ ಹಾರಿ ಹೋಗಿ ಮೂಲೆಯಲ್ಲಿ ಬೂಷ್ಟು ಬೇರೆ. ಅಂಗಡಿಯವ್ರ ಹತ್ರ ಡೂಪ್ಲಿಕೇಟ್ ತಗೊಳ್ಳಿಕ್ಕೆ ಹಂಪನಕಟ್ಟೆಗೆ ಮೂರು ಸಲ ಹೋದವ ನಾನು. ಬಿಲ್ ಸಿಕ್ಕಿದ ದಿನವೇ ಎರಡು ಜೆರಾಕ್ಸ್ ತೆಗೀರಿ, ಮೊಬೈಲಲ್ಲಿ ಫೋಟೋ ತೆಗೆದು ನಿಮ್ಗೇ ವಾಟ್ಸಾಪ್ ಮಾಡ್ಕೊಳ್ಳಿ, ಒರಿಜಿನಲ್ ಅಕ್ಕಿ ಡಬ್ಬದ ಮೇಲೆ ಇಡಿ, ಅಲ್ಲಿ ತೇವ ಹಿಡಿಯುದಿಲ್ಲ.